ಆದಿಯಿಂದ ಶುರುಮಾಡಿದ ವರ್ಷ

ಏಪ್ರಿಲ್ ೧೮

ಪ್ರೀತಿಯ ತಂಗಿಗೆ,

ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ (ನಿನ್ನ ಅತ್ತಿಗೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿರುವುದನ್ನು ಒತ್ತಾಯ ಎನ್ನದಿದ್ದರೆ), ಆರೋಪಿಯಾದ ನಾನು ಒಪ್ಪಿಕೊಳ್ಳುವುದೇನೆಂದರೆ: ನೀನು ಪರಿಶೀಲನೆಗೆಂದು ಕಳಿಸಿದ ಮಾದರಿ ಪುಸ್ತಕದಲ್ಲಿ, ಮಕ್ಕಳು ಬಣ್ಣ ತುಂಬಲಿ ಎಂದು ಬಿಟ್ಟಿದ್ದ ಪುಟಕ್ಕೆ ನಾನೇ ಬಣ್ಣ ತುಂಬಿದ್ದೇನೆ. ಪ್ರಳಯದ ನಾವೆ ಹತ್ತುತ್ತಿರುವ ಆನೆಗಳೆರಡೂ ನೇರಳೆ. ಜಿರಾಫೆಯ ಕುತ್ತಿಗೆ ಅರ್ಧಕ್ಕೆ ಬಂದಾಗ ಹಳದಿ ಪೆನ್ಸಿಲ್ ಮುಗಿಯಿತು, ಉಳಿದರ್ಧ ಹಸಿರು. ಆ ಪುಟ ನ್ಯಾಯವಾಗಿ ನಿನ್ನ ಕಿರಿಮಗಳು ಗುಬ್ಬಿಗೆ ಸೇರಬೇಕಾದದ್ದು, ಬಿಡಿಸಿ ಇದರ ಜೊತೆ ಇಟ್ಟಿದ್ದೇನೆ. ಅವಳಿಗೆ ಆರು ವರ್ಷ, ನನಗೆ ಅರವತ್ತೆರಡು. ವಯಸ್ಸಿನ ರಿಯಾಯಿತಿ ಕೇಳುವ ಮುಖ ನನಗಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಮೂರು ಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳುವ ನೀನು, ನಮ್ಮ ನಂಬಿಕೆಗೂ ಒಗ್ಗಬೇಕು, ಮೂವರ ವಯಸ್ಸಿಗೂ ಹೊಂದಬೇಕು, ಅಂಥ ಇತಿಹಾಸದ ಪಠ್ಯ ಯಾವುದು ಹೇಳು ಎಂದು ಮೂರು ಪ್ರಕಾಶಕರ ಕಟ್ಟುಗಳನ್ನು ನನ್ನ ತಲೆಗೆ ಕಟ್ಟಿದೆ. ಸರಿಯಾದವನನ್ನೇ ಕೇಳಿದ್ದೀಯ. ಮೂವತ್ತು ವರ್ಷ ಕಾಲೇಜಿನಲ್ಲಿ ಶಿಲಾಯುಗದಿಂದ ನಿನ್ನೆ ಸಂಜೆಯವರೆಗೆ ಪಾಠ ಮಾಡಿದವನು ನಾನು. ಪಠ್ಯ ಯಾವುದು, ಪಥ್ಯ ಯಾವುದು ಎಂದು ಮೂಸಿದರೆ ಸಾಕು, ಗೊತ್ತಾಗುತ್ತದೆ.

ಮೊದಲನೆಯದು "ಹೆಜ್ಜೆ ಹೆಜ್ಜೆ". ಒಂದೊಂದು ತರಗತಿಗೆ ಒಂದೊಂದು ಪುಸ್ತಕ, ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ. ಇದನ್ನು ತಂದರೆ ನೀನು ಮೂರು ಮಕ್ಕಳಿಗೆ ಮೂರು ಶತಮಾನ ಹೇಳಿಕೊಡುತ್ತಾ ಅಡುಗೆಮನೆಗೂ ಹಜಾರಕ್ಕೂ ಓಡಾಡಬೇಕು. ಎರಡನೆಯದು "ವೀರರ ಸಾಲು". ಬರೀ ಜೀವನಚರಿತ್ರೆ. ಅದರಲ್ಲಿ ಪ್ರಾರ್ಥನೆ ಮಾಡಿದ ರಾಜ ಒಬ್ಬನೂ ಸೋತಿಲ್ಲ, ಸೋತವನೊಬ್ಬನೂ ಪ್ರಾರ್ಥನೆ ಮಾಡಿಲ್ಲ. ಇಷ್ಟು ಚೊಕ್ಕ ಲೆಕ್ಕ ಭಾವನವರ ಕನ್ನಡಕದ ಅಂಗಡಿಯಲ್ಲೂ ಸಿಗದು.

ಮೂರನೆಯದು "ಆದಿಯಿಂದ". ನನ್ನ ಮತ ಇದಕ್ಕೆ. ನಾಲ್ಕು ವರ್ಷದ ಸುತ್ತು. ಮೊದಲ ವರ್ಷ ಸೃಷ್ಟಿಯಿಂದ ರೋಮ್‌ವರೆಗೆ, ಕೊನೆಯ ವರ್ಷ ಈಚಿನ ನೂರೈವತ್ತು ವರ್ಷ. ಬೈಬಲಿನ ಕಥೆ, ಲೋಕದ ಕಥೆ ಎರಡನ್ನೂ ಜಡೆಯಂತೆ ಹೆಣೆದಿದ್ದಾರೆ. ಮನೆಮಂದಿಯೆಲ್ಲ ಒಂದೇ ಮೇಜು, ಒಂದೇ ಪಾಠ. ಗುಬ್ಬಿ ಚಿತ್ರ ಬಿಡಿಸುತ್ತಾಳೆ, ಹನ್ನೊಂದರ ವಕೀಲ ವಾದಿಸುತ್ತಾನೆ, ಹದಿನಾರರ ಜಡ್ಜಮ್ಮ ಪ್ರಬಂಧ ಬರೆಯುತ್ತಾಳೆ. ಒಂದು ಪಾತ್ರೆ, ಮೂರು ಅಳತೆಯ ಸೌಟು.

ಶಿಕ್ಷಕರ ಕೈಪಿಡಿಯ ಗೋಜಿಗೆ ನೀನು ಹೋಗಬೇಡ. ಕೈ ಹಿಡಿಯಬೇಕಾದ ಕೈಪಿಡಿ ಕೈ ಮುರಿಯುವಷ್ಟು ದಪ್ಪ ಇದೆ. ನಾನು ಅಕ್ಷರ ಬಿಡದೆ ಓದಿದ್ದೇನೆ. ನೇರವಾಗಿ ಮೊದಲ ಪಾಠದಿಂದ ಶುರುಮಾಡು.

ನಿನ್ನ ಅತ್ತಿಗೆಯ ಸಾಕ್ಷಿಯನ್ನೂ ದಾಖಲಿಸಬೇಕಂತೆ: "ಇವರು ಓದಿದ್ದು ನಾನು ನೋಡಿಲ್ಲ, ಬಣ್ಣ ಹಚ್ಚಿದ್ದು ನೋಡಿದೀನಿ."

ನಿನ್ನ ಅಣ್ಣ,
ನೇರಳೆ ಆನೆಗಳ ಮಾವುತ


ಏಪ್ರಿಲ್ ೨೭

ಅಣ್ಣಾ,

ಕರ್ತನ ಕೃಪೆ ನಿಮ್ಮಿಬ್ಬರ ಮೇಲಿರಲಿ. ನೇರಳೆ ಆನೆ ಕಂಡು ಗುಬ್ಬಿ ತುಂಬ ಹೊತ್ತು ಯೋಚನೆ ಮಾಡಿದಳು. "ಮಾವ ಗೆರೆ ದಾಟಿ ಹೋಗಿದಾರೆ, ಆದ್ರೂ ಪರವಾಗಿಲ್ಲ, ಇನ್ನೂ ಕಲೀತಾರೆ" ಅಂದಳು. ಅದೇ ನಿನ್ನ ತೀರ್ಪು.

ನೀನು ನಗಿಸಿದ್ದಕ್ಕೆ ಥ್ಯಾಂಕ್ಸ್, ನಗು ಬೇಕಿತ್ತು. ಹೋದ ವರ್ಷ "ಹೆಜ್ಜೆ ಹೆಜ್ಜೆ" ಥರದ ಪುಸ್ತಕವೇ ನಮ್ಮಲ್ಲಿ ಇದ್ದದ್ದು. ಒಬ್ಬನಿಗೆ ಹೇಳಿಕೊಡುವಾಗ ಇನ್ನೊಬ್ಬಳು ಅಳುತ್ತಾಳೆ, ಅವಳನ್ನು ಸುಧಾರಿಸುವಾಗ ಮೂರನೆಯವಳು ತಾನೇ ಓದಿಕೊಂಡು ತಾನೇ ತಿದ್ದಿಕೊಂಡು ಎದ್ದು ಹೋಗುತ್ತಾಳೆ. ಎಷ್ಟೋ ಸಲ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಹೊರಗೆ ಬಂದರೆ ಜಡ್ಜಮ್ಮ ಚಿಕ್ಕವರಿಬ್ಬರನ್ನೂ ಕೂರಿಸಿ ಪಾಠ ಮುಗಿಸಿರುತ್ತಿದ್ದಳು. ನಿಮ್ಮ ಭಾವ "ಇನ್ನೊಂದು ವರ್ಷ ನೋಡು" ಅಂದರು, ಅಷ್ಟೇ. ಅವರು ಕಡಿಮೆ ಮಾತಾಡಿದಷ್ಟೂ ನನಗೆ ಜಾಸ್ತಿ ಕೇಳಿಸುತ್ತೆ.

"ವೀರರ ಸಾಲು" ಬೇಡ ಅಂದದ್ದು ಸರಿ. ಸೋತವರೂ ದೇವರ ಮಕ್ಕಳೇ ಅಂತ ಹೇಳುವ ಪುಸ್ತಕ ನನಗೆ ಬೇಕು. ಇಲ್ಲದಿದ್ದರೆ ನನ್ನ ಮಕ್ಕಳು ಬೆಳೆದು ಯಾವತ್ತೋ ಒಂದು ದಿನ ಸೋತಾಗ, ದೇವರೂ ಎದ್ದು ಹೋದ ಅಂದುಕೊಳ್ಳುತ್ತಾರೆ.

ಒಂದೇ ಒಂದು ಅನುಮಾನ. ಜಡ್ಜಮ್ಮ ಬರುವ ಮಾರ್ಚ್‌ನಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರಬೇಕು. ಶಾಲೆಗೆ ಹೋಗದ ಮಕ್ಕಳಿಗೆ ಅದೊಂದೇ ಬಾಗಿಲು, ಅದೂ ಒಂದೇ ಸಲ ತೆರೆಯುವ ಬಾಗಿಲು. ಇತಿಹಾಸದ ಪ್ರಶ್ನೆಪತ್ರಿಕೆ ಪೂರ್ತಿ ಈಚಿನ ನೂರೈವತ್ತು ವರ್ಷದ ಮೇಲೆ ಅಂತ ಕೇಳಿದ್ದೇನೆ. ಅವಳಿಗೆ ಟೀಚರ್ ಆಗುವುದು ಬಿಟ್ಟು ಬೇರೆ ಆಸೆ ಇಲ್ಲ. ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರೆ ಅವಳಿಗೆ ತೊಂದರೆ ಆಗಲ್ಲ ತಾನೆ? ಕೈಪಿಡಿಯಲ್ಲಿ ಇದರ ಬಗ್ಗೆ ಏನು ಬರೆದಿದ್ದಾರೆ? ನೀನು ಓದಿದ್ದೀಯಲ್ಲ, ಹೇಳು. ನೀನು ಸರಿ ಅಂದರೆ ನಾಳೆಯೇ ಹಣ ಕಟ್ಟುತ್ತೇನೆ.

ನಿನ್ನ ತಂಗಿ


ಮೇ ೩

ತಂಗೀ,

ಸರಿ. ಸರಿ. ಸರಿ. ಮೂರು ಮಕ್ಕಳಿಗೆ ಮೂರು ಸಲ ಹೇಳಿದ್ದೇನೆ, ಹಣ ಕಟ್ಟು.

ಜಡ್ಜಮ್ಮನ ಚಿಂತೆ ಬಿಡು. ಅಡಿಪಾಯ ಗಟ್ಟಿಯಿದ್ದರೆ ಮೇಲಂತಸ್ತು ತಾನಾಗಿ ಏಳುತ್ತದೆ. ಕೈಪಿಡಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಉಳಿದದ್ದನ್ನು ನಿನ್ನಣ್ಣ ಹೇಳುತ್ತಿದ್ದಾನೆ.

ಕಾಫಿ ಆರುತ್ತಿದೆ. ನನ್ನ ದಿನದಲ್ಲಿ ಎರಡೇ ಯುಗ, ಕಾಫಿಪೂರ್ವ ಮತ್ತು ಕಾಫಿಶಕ. ಸದ್ಯ ಕತ್ತಲ ಯುಗದಲ್ಲಿದ್ದೇನೆ, ಹೆಚ್ಚು ಬರೆಯಿಸಬೇಡ.

ಅಣ್ಣ


ಜುಲೈ ೧೦

ಅಣ್ಣಾ,

ನಿನಗೆ ಎಷ್ಟು ಥ್ಯಾಂಕ್ಸ್ ಹೇಳಲಿ. ಈ ಮನೆಯಲ್ಲಿ ಮೂರು ಮಕ್ಕಳು ಒಂದೇ ಮೇಜಿನ ಸುತ್ತ ಕೂತು, ಒಬ್ಬರನ್ನೊಬ್ಬರು ಒದೆಯದೆ, ಒಂದು ಪಾಠ ಮುಗಿಸಬಹುದು ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ.

ಹಜಾರದಿಂದ ಹಿತ್ತಲ ಬಾಗಿಲವರೆಗೆ ಓಣಿಯ ಗೋಡೆಗೆ ಉದ್ದಕ್ಕೆ ಕಾಗದ ಅಂಟಿಸಿದ್ದೇವೆ, ಕಾಲಪಟ್ಟಿ. ಅಂಗಡಿಯಲ್ಲಿ ಕನ್ನಡಕದ ಡಬ್ಬಿ ಸುತ್ತುವ ಕಾಗದದ ಸುರುಳಿ, ನಿಮ್ಮ ಭಾವ ಕೇಳದೆಯೇ ತಂದುಕೊಟ್ಟರು. ಸೃಷ್ಟಿ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಶುರುವಾಗುತ್ತೆ. ಜಲಪ್ರಳಯ ಸರಿಯಾಗಿ ಬಚ್ಚಲುಮನೆ ಬಾಗಿಲಿಗೆ ಬಂದು ನಿಂತಿದೆ. ಬೇಕಂತ ಮಾಡಿದ್ದಲ್ಲ, ಅಳತೆ ಹಾಗೆ ಬಂತು. ವಕೀಲ ಅಲ್ಲಿ ನಿಂತು ಕೇಳಿದ: "ಪಾಪ ಮಾಡಿದ್ದು ಎಲ್ಲರೂ ಅಂದ್ಮೇಲೆ ಮೀನುಗಳಿಗೆ ಯಾಕೆ ಶಿಕ್ಷೆ ಆಗ್ಲಿಲ್ಲ? ಅವುಗಳಿಗೆ ವಕೀಲರು ಯಾರು?" ನಾನು ಜಡ್ಜಮ್ಮನ ಮುಖ ನೋಡಿದೆ. ಅವಳು, "ಮೀನುಗಳು ಬಾಯಿ ಮುಚ್ಚಿಕೊಂಡಿದ್ವು, ನೀನೂ ಕಲಿ" ಅಂದಳು. ಗುಬ್ಬಿ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಳು.

ಗಟ್ಟಿಯಾಗಿ ಓದಿ ಹೇಳುವುದು ಜಡ್ಜಮ್ಮನೇ. ಅವಳ ದನಿ ಚೆನ್ನಾಗಿದೆ. ಗುಬ್ಬಿಯ ಚಿತ್ರಕ್ಕೆ ಹೆಸರು ಬರೆದುಕೊಡುವುದು, ವಕೀಲನ ಉತ್ತರ ತಿದ್ದುವುದು ಎಲ್ಲ ಅವಳದೇ. ಸ್ಟೋರ್ ರೂಮಿನ ಬಾಗಿಲನ್ನು ಈಗ ನಾನು ಬೇಳೆ ತೆಗೆಯುವುದಕ್ಕೆ ಮಾತ್ರ ತೆರೆಯುತ್ತೇನೆ.

ಪರೀಕ್ಷೆ ಬಗ್ಗೆ ಜಡ್ಜಮ್ಮ ಏನಾದರೂ ಹೇಳಿದಳಾ ಅಂತ ಕೇಳಬೇಡ. ಏನೂ ಹೇಳಲ್ಲ. ನಿನಗೆ ಗೊತ್ತಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ ೨

ಮಾವ,

ನಿಮಗೂ ಅತ್ತೆಗೂ ನಮಸ್ಕಾರ. ನಾನು ಪತ್ರ ಬರೆದದ್ದು ಅಮ್ಮನಿಗೆ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ.

ಒಂದು ಅನುಮಾನ ಇತ್ತು. ಹೋದ ವಾರ ಗುಬ್ಬಿಗೆ ಮೇಜು ಎಟುಕುವುದಿಲ್ಲ ಅಂತ ಕುರ್ಚಿಯ ಮೇಲೆ ಶಿಕ್ಷಕರ ಕೈಪಿಡಿ ಇಟ್ಟು ಕೂರಿಸಿದ್ದೆವು. ಅವಳು ಇಳಿದ ಮೇಲೆ ನಾನು ಸುಮ್ಮನೆ ತೆರೆದು ನೋಡಿದೆ. ಮುನ್ನುಡಿಯಲ್ಲೇ ಚೌಕಟ್ಟು ಹಾಕಿ ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಇದೆ. ಮನೆಯಲ್ಲಿ ಹದಿನೈದು ದಾಟಿದ ಮಗು ಇದ್ದರೆ ಇಡೀ ಕುಟುಂಬ ನಾಲ್ಕನೇ ವರ್ಷದ ಪುಸ್ತಕದಿಂದ ಶುರುಮಾಡಬೇಕಂತೆ. ಚಿಕ್ಕವರು ಮುಂದಿನ ಸುತ್ತಿನಲ್ಲಿ ಆದಿಗೆ ಬರುತ್ತಾರೆ, ಅವರಿಗೆ ಸಮಯ ಇದೆ, ದೊಡ್ಡ ಮಗುವಿಗೆ ಇಲ್ಲ ಅಂತ ಬರೆದಿದ್ದಾರೆ.

ನೀವು ಅಕ್ಷರ ಬಿಡದೆ ಓದಿದ್ದೀರಿ ಅಂತ ಅಮ್ಮ ಹೇಳಿದ್ದರು. ಅಂದಮೇಲೆ ಇದನ್ನೂ ಓದಿರುತ್ತೀರಿ. ಓದಿಯೂ ಮೊದಲ ವರ್ಷದಿಂದ ಶುರುಮಾಡಿ ಅಂದಿದ್ದೀರಿ ಅಂದರೆ ಏನೋ ಕಾರಣ ಇರಬೇಕು. ತುಂಬ ಯೋಚನೆ ಮಾಡಿದೆ, ನನಗೆ ಹೊಳೆಯಲಿಲ್ಲ. ಈ ಲೆಕ್ಕದಲ್ಲಿ ಮಾರ್ಚ್ ಬರುವಾಗ ನಾನು ರೋಮ್‌ನಲ್ಲಿ ಇರುತ್ತೇನೆ. ಪರೀಕ್ಷೆ ಇರುವುದು ಅಲ್ಲಿಂದ ತುಂಬ ದೂರ.

ಕಾರಣ ಏನು ಅಂತ ತಿಳಿಸಿದರೆ ನೆಮ್ಮದಿಯಾಗಿ ಓದುತ್ತೇನೆ. ಅಮ್ಮನಿಗೆ ಮಾತ್ರ ಬೇಡ. ಈ ವರ್ಷ ಅಮ್ಮ ಅಡುಗೆ ಮಾಡುವಾಗ ಹಾಡುತ್ತಿದ್ದಾರೆ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೯

ಮಗೂ,

ನಿನ್ನ ಪತ್ರಕ್ಕೆ ಉತ್ತರ ತಡವಾದದ್ದಕ್ಕೆ ಅಂಚೆಯನ್ನು ಬೈಯಬೇಡ. ಅಂಚೆಯವನು ಚುರುಕಾಗಿದ್ದ. ನಾನು ಪತ್ರವನ್ನು ನಿಘಂಟಿನ ಕೆಳಗಿಟ್ಟು, ನಿಘಂಟಿನ ಕಡೆ ಹೋಗುವುದನ್ನೇ ಬಿಟ್ಟಿದ್ದೆ.

ಕಾರಣ ಕೇಳಿದ್ದೀಯ. ಒಳ್ಳೆಯ ಕಾರಣ ಒಂದನ್ನು ಕಟ್ಟಲು ಮೂರು ಸಲ ಕೂತೆ. ಮೂರನೇ ಸಲ ನಿನ್ನ ಅತ್ತೆ ಬಂದು, "ಏನು ಬರೀತಿದೀರಿ?" ಅಂದಳು. "ಕಾರಣ" ಅಂದೆ. "ಯಾರಿಗೆ?" ಅಂದಳು. "ಜಡ್ಜಮ್ಮನಿಗೆ" ಅಂದೆ. "ಅವಳಿಗಾ? ಹಾಗಾದ್ರೆ ನಿಜಾನೇ ಬರೀರಿ, ಸಮಯ ಉಳಿಯುತ್ತೆ" ಅಂದು ಹೋದಳು.

ಕಾರಣ ಇಲ್ಲ ಮಗೂ. ನಾನು ಕೈಪಿಡಿ ಓದಲಿಲ್ಲ. ಮೊದಲ ಪುಟದಲ್ಲಿ ಮೇಜಿನ ಸುತ್ತ ಕೂತ ಕುಟುಂಬದ ಚಿತ್ರ ಇತ್ತು. ಅದನ್ನು ನೋಡಿದೆ, ನಿಮ್ಮಮ್ಮ ಸ್ಟೋರ್ ರೂಮಿನಲ್ಲಿ ಅಳುತ್ತಾಳೆ ಎಂದು ನಿಮ್ಮಪ್ಪ ಯಾವಾಗಲೋ ಹೇಳಿದ್ದು ನೆನಪಾಯಿತು, ಮುಚ್ಚಿಟ್ಟೆ. ಆಮೇಲೆ ನಿಮ್ಮಮ್ಮ ನಿನ್ನ ಪರೀಕ್ಷೆಯ ಬಗ್ಗೆ ಬಿಡಿಸಿ ಕೇಳಿದಳು. ಆಗಲಾದರೂ ತೆರೆಯಬಹುದಿತ್ತು. ಕಟ್ಟು ಕೈಗೆಟುಕುವಲ್ಲೇ ಇತ್ತು. ಓದಿದ್ದೇನೆ ಎಂದು ಒಮ್ಮೆ ಬರೆದಾಗಿತ್ತಲ್ಲ, ಮತ್ತೆ ಓದಲು ಕೂತರೆ ನನ್ನ ಮುಂದೆ ನಾನೇ ಸಿಕ್ಕಿಬೀಳುತ್ತಿದ್ದೆ.

ನಿನ್ನ ಪತ್ರದಲ್ಲಿ ಕೋಪ ಹುಡುಕಿದೆ. ಒಂದು ಕಡೆಯಾದರೂ ಸಿಕ್ಕಿದ್ದರೆ ಹಗುರಾಗುತ್ತಿತ್ತು.

ಈಗ ಕೇಳು, ಇನ್ನೂ ಸಮಯವಿದೆ. ನಿನ್ನ ಮಾವ ಮೂವತ್ತು ವರ್ಷ ಶಿಲಾಯುಗದಿಂದ ನಿನ್ನೆ ಸಂಜೆಯವರೆಗೆ ಪಾಠ ಮಾಡಿದವನು, ಮರೆಯಬೇಡ. ನಾಲ್ಕನೇ ವರ್ಷದ ಪುಸ್ತಕವನ್ನು ನಾನೇ ಹಣ ಕಟ್ಟಿ ತರಿಸಿದ್ದೇನೆ, ಎರಡು ಪ್ರತಿ. ಒಂದು ನಿಮ್ಮಪ್ಪನ ಅಂಗಡಿಯ ವಿಳಾಸಕ್ಕೆ ಬರುತ್ತದೆ. ವಾರಕ್ಕೊಂದು ಅಧ್ಯಾಯ ಓದು, ನಾನು ಪ್ರಶ್ನೆ ಕಳಿಸುತ್ತೇನೆ, ನೀನು ಉತ್ತರ ಬರೆ, ನಾನು ತಿದ್ದುತ್ತೇನೆ. ಅಮ್ಮನಿಗೆ ಹೇಳುವುದಿಲ್ಲ. ಇಬ್ಬರೂ ಸೇರಿ ರೋಮ್‌ನಿಂದ ನಿನ್ನನ್ನು ಹೊರಗೆ ತರೋಣ.

ಮಾವ


ನವೆಂಬರ್ ೧೧

ಮಾವ,

ಐದನೇ ಅಧ್ಯಾಯದ ಉತ್ತರಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಒಂದು ಕೇಳಲಾ? ನಾನು ಏನು ಬರೆದರೂ ನೀವು ಕೆಂಪು ಶಾಯಿಯಲ್ಲಿ "ಇನ್ನೂ ವಿವರಿಸು" ಅಂತ ಬರೆಯುತ್ತೀರಿ. ಸಾಲ ಕೊಟ್ಟ ದೇಶ, ತೆಗೆದುಕೊಂಡ ದೇಶ ಯಾಕೆ ಯುದ್ಧಕ್ಕಿಳಿದವು ಅನ್ನುವುದನ್ನು ಮೂರು ಸಲ ವಿವರಿಸಿದೆ. ಕೊನೆಗೆ ಗುಬ್ಬಿಗೆ ಹೇಳುವ ಹಾಗೆ, ಇಬ್ಬರು ಮಕ್ಕಳು ಒಂದು ಸೈಕಲ್ ಅಂತ ಕಥೆ ಮಾಡಿ ಬರೆದೆ. ಅದಕ್ಕೆ "ಈಗ ಸರಿ" ಅಂತ ಹಾಕಿದ್ದೀರಿ. ನನ್ನ ಉತ್ತರ ಅಷ್ಟು ಕೆಟ್ಟದಾಗಿ ಇರುತ್ತಾ?

ಬೆಳಿಗ್ಗೆ ಮನೆಯಲ್ಲಿ ಹಳೆಯ ಕಾಲ, ಸಂಜೆ ಅಂಗಡಿಯಲ್ಲಿ ಹೊಸ ಕಾಲ. ಕಣ್ಣು ಪರೀಕ್ಷೆ ಮಾಡುವ ಒಳಕೋಣೆಯಲ್ಲಿ ಕೂರುತ್ತೇನೆ. ಅಕ್ಷರದ ಬೋರ್ಡಿನ ಹಿಂದಿನ ದೀಪ ಒಂದೇ ಇರುವುದು, ಅದರ ಬೆಳಕಿನಲ್ಲಿ ಓದುತ್ತೇನೆ. ಯಾರಾದರೂ ಕಣ್ಣು ತೋರಿಸಲು ಬಂದರೆ ಎದ್ದು ಹೊರಗೆ ನಿಲ್ಲುತ್ತೇನೆ. ಅಪ್ಪ ಏನೂ ಕೇಳಿಲ್ಲ. ಅಂಗಡಿಗೆ ಸಹಾಯಕ್ಕೆ ಹೋಗುತ್ತಾಳೆ ಅಂತ ಅಮ್ಮ ಚರ್ಚ್ ಸಭೆಯಲ್ಲಿ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ತಲೆ ಎತ್ತಲು ಆಗಲಿಲ್ಲ.

ಆವತ್ತು ಪ್ರಾರ್ಥನೆಯಲ್ಲಿ ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ ಮಾವ. ಪಾಸ್ ಮಾಡಿಸು ಅನ್ನಬೇಕಾ, ಕ್ಷಮಿಸು ಅನ್ನಬೇಕಾ? ಎರಡನ್ನೂ ಒಟ್ಟಿಗೆ ಕೇಳಲು ನಾಚಿಕೆ ಆಯಿತು. ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಕಲಿಸುವ ಕೆಲಸಕ್ಕೆ ಸೇರಲು ನಾನು ದಿನಾ ಸುಳ್ಳು ಹೇಳುತ್ತಿದ್ದೇನೆ.

ನಿಮ್ಮ ಸೊಸೆ


ಡಿಸೆಂಬರ್ ೫

ತಂಗೀ,

ಈ ಪತ್ರದಲ್ಲಿ ತಮಾಷೆ ಇಲ್ಲ, ಹುಡುಕಬೇಡ.

ನಾನು ಕೈಪಿಡಿ ಓದಿರಲಿಲ್ಲ. ಓದಿದ್ದೇನೆ ಎಂದು ನಿನಗೆ ಎರಡು ಸಲ ಬರೆದೆ. ಅದರ ಮುನ್ನುಡಿಯಲ್ಲಿ ಚೌಕಟ್ಟಿನೊಳಗೆ ಒಂದು ಸೂಚನೆ ಇದೆ, ದೊಡ್ಡ ಮಗುವಿರುವ ಮನೆ ನಾಲ್ಕನೇ ವರ್ಷದ ಪುಸ್ತಕದಿಂದ ಶುರುಮಾಡಬೇಕು ಎಂದು. ನನ್ನ ಮಾತು ನಂಬಿ ನೀನು ಆದಿಯಿಂದ ಶುರುಮಾಡಿದೆ. ಜಡ್ಜಮ್ಮ ಅದನ್ನು ಕಂಡು ನನ್ನನ್ನು ಕೇಳಿದಳು. ನಿನಗೆ ಹೇಳಬೇಡಿ ಎಂದಳು. ಅದು ನನಗೆ ಅನುಕೂಲವಾಗಿತ್ತು, ಹಾಗಾಗಿ ಅದನ್ನು ಅವಳ ಆಸೆ ಎಂದು ಕರೆದು ಸುಮ್ಮನಿದ್ದೆ. ಅಕ್ಟೋಬರಿನಿಂದ ಅವಳು ಅಂಗಡಿಯ ಒಳಕೋಣೆಯಲ್ಲಿ ಕದ್ದು ಓದುತ್ತಿದ್ದಾಳೆ. ಸಹಾಯಕ್ಕೆ ಹೋಗುತ್ತಿಲ್ಲ. ಅವಳಿಗೆ ಸುಳ್ಳು ಒಗ್ಗುತ್ತಿಲ್ಲ. ಮನೆಯಲ್ಲಿ ಅದು ಚೆನ್ನಾಗಿ ಒಗ್ಗಿರುವುದು ನನಗೊಬ್ಬನಿಗೇ.

ಅವಳನ್ನು ಬೈಯಬೇಡ. ಬೈಯುವುದೆಲ್ಲ ಈ ವಿಳಾಸಕ್ಕೆ ಕಳಿಸು, ತೂಕ ಎಷ್ಟಾದರೂ ಬಿಡಿಸಿಕೊಳ್ಳುತ್ತೇನೆ.

ಅಣ್ಣ


ಜನವರಿ ೪

ಅಣ್ಣಾ,

ನಿನ್ನ ಪತ್ರ ಬಂದು ತುಂಬ ದಿನ ಆಯಿತು. ಕೋಪದಿಂದ ಬರೆಯಲಿಲ್ಲ ಅಂದುಕೊಂಡಿರುತ್ತೀಯ. ಅಂದುಕೊಳ್ಳಲಿ ಅಂತ ಸುಮ್ಮನಿದ್ದೆ, ನಾಲ್ಕು ದಿನ ನೀನೇ ತಪ್ಪು ಮಾಡಿದವನಾಗಿರು ಅಂತ. ಅದೂ ನನ್ನ ಕೈಲಿ ಆಗಲಿಲ್ಲ.

ಆ ಸೂಚನೆಯನ್ನು ನಾನು ಜೂನ್‌ನಲ್ಲೇ ಓದಿದ್ದೆ.

ಓದಬೇಡ ಅಂತ ನೀನು ಹೇಳಿದ್ದೆಯಲ್ಲ, ಅದಕ್ಕೇ ಓದಿದೆ. ಚಿಕ್ಕಂದಿನಿಂದ ನೀನು ಬೇಡ ಅಂದದ್ದನ್ನು ನಾನು ಮಾಡದೇ ಬಿಟ್ಟಿದ್ದೀನಾ? ಓದಿದ ಕೂಡಲೇ ಅಂದುಕೊಂಡೆ, ಅಣ್ಣ ಇದನ್ನು ಓದಿಲ್ಲ. ನಿನ್ನನ್ನು ಕೇಳಬಹುದಿತ್ತು. ಪ್ರಕಾಶಕರಿಗೆ ಪುಸ್ತಕ ಬದಲಾಯಿಸಿ ಕೊಡಿ ಅನ್ನಬಹುದಿತ್ತು. ಮಾಡಲಿಲ್ಲ. ನಾಲ್ಕನೇ ವರ್ಷದ ಪುಸ್ತಕ ತೆರೆದರೆ ಬಾಂಬು, ಕಂದಕ, ಮುಳ್ಳುತಂತಿ. ಗುಬ್ಬಿ ಬದುಕಿನಲ್ಲಿ ಕಲಿಯುವ ಮೊಟ್ಟಮೊದಲ ಇತಿಹಾಸ ಅದಾಗುವುದು ನನಗೆ ಬೇಡವಾಗಿತ್ತು. ದೇವರು ಮಾಡಿದ್ದೆಲ್ಲ ಚೆನ್ನಾಗಿತ್ತು ಅನ್ನುವಲ್ಲಿಂದ ಅವಳು ಶುರುಮಾಡಲಿ ಅಂತ ಆಸೆ. ಇದನ್ನು ನಾನು ಪಾಸ್ಟರ್ ಮುಂದೆಯೂ ಹೇಳಬಲ್ಲೆ, ಕೇಳಲು ಚೆನ್ನಾಗಿದೆ.

ಚೆನ್ನಾಗಿಲ್ಲದ್ದು ಇನ್ನೊಂದಿದೆ. ಜಡ್ಜಮ್ಮ ಪಕ್ಕದಲ್ಲಿ ಕೂತರೆ ನನಗೆ ಧೈರ್ಯ. ಅವಳು ಓದಿ ಹೇಳುತ್ತಾಳೆ, ತಿದ್ದುತ್ತಾಳೆ, ನಾನು ಅಳುವ ಮೊದಲೇ ನನ್ನ ಮುಖ ನೋಡಿ ಚಿಕ್ಕವರನ್ನು ಆಟಕ್ಕೆ ಕಳಿಸುತ್ತಾಳೆ. ಅವಳು ಅವಳ ಪರೀಕ್ಷೆಗೆ ಓದಲು ಕೂತರೆ ಮೇಜಿನ ಹತ್ತಿರ ನಾನು ಒಬ್ಬಳೇ. ಮೂರು ಮಕ್ಕಳಲ್ಲಿ ಯಾರ ಪಾಲು ಕಡಿಮೆಯಾದರೂ ಸದ್ದಾಗುವುದಿಲ್ಲವೋ ಅವಳ ಪಾಲನ್ನು ಕಡಿಮೆ ಮಾಡಿದೆ. ಏನಾದರೂ ಕೆಟ್ಟರೆ ಅಣ್ಣ ಹೇಳಿದ್ದು ಅನ್ನಬಹುದು ಅಂತ ನಿನ್ನ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡೆ. ಅಂಗಡಿಯಿಂದ ಅವಳು ಕಣ್ಣು ಕೆಂಪು ಮಾಡಿಕೊಂಡು ಬರುವುದು ನೋಡಿಯೂ ಸಭೆಯಲ್ಲಿ ಹೊಗಳಿದೆ.

ಮೊನ್ನೆ ಊಟ ಆದಮೇಲೆ ಅವಳು ಮೇಜು ಒರೆಸುತ್ತಿದ್ದಳು. ಹೇಳಿದೆ.

"ಮಾವ ಬರೆದಿದಾರೆ. ಎಲ್ಲ ಗೊತ್ತಾಯ್ತು."

"ಮಾವನ ತಪ್ಪೇನಿಲ್ಲಮ್ಮ, ಅವರಿಗೆ ಗೊತ್ತಿರ್ಲಿಲ್ಲ."

"ನನಗೆ ಗೊತ್ತಿತ್ತು."

ಅವಳು ಒರೆಸುತ್ತಲೇ ಇದ್ದಳು. ಒರೆಸಿದ ಜಾಗವನ್ನೇ. "ಯಾವಾಗಿಂದ?" ಅಂದಳು.

"ಜೂನ್‌ನಿಂದ."

"ಸರಿ ಬಿಡಮ್ಮ. ಗುಬ್ಬಿಗೆ ಚೆನ್ನಾಗಾಯ್ತಲ್ಲ."

ಅಣ್ಣಾ, ನನ್ನ ಮಗಳು ನನ್ನನ್ನು ಅಷ್ಟು ಬೇಗ ಕ್ಷಮಿಸಬಾರದಿತ್ತು. ಎಷ್ಟು ಅಭ್ಯಾಸ ಆಗಿದ್ದರೆ ಅಷ್ಟು ಸಲೀಸಾಗಿ ಬರುತ್ತೆ ಆ ಮಾತು. ಬಾಗಿಲ ಹಿಂದೆ ವಕೀಲ ನಿಂತಿದ್ದ. "ಅಕ್ಕನ ಕೇಸಲ್ಲಿ ಆರೋಪಿಗಳು ಜಾಸ್ತಿ, ಅಕ್ಕನ ಪರ ಯಾರೂ ಇಲ್ಲ. ನಾನು ತಗೋತೀನಿ" ಅಂದ. ಆಗ ಅವಳು ಅತ್ತಳು. ನಿಮ್ಮ ಭಾವ ಎದ್ದು ಬಂದು ಒರೆಸುವ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡರು. "ಒಳಕೋಣೆಗೆ ದೊಡ್ಡ ದೀಪ ಹಾಕಿಸಿ ತಿಂಗಳಾಯ್ತು. ಯಾರಿಗೆ ಅಂತ ಯಾರೂ ಕೇಳ್ಲಿಲ್ಲ" ಅಂದರು. ಅವರಿಗೂ ಗೊತ್ತಿತ್ತು ಅಂತ ಆಯಿತು. ಈ ಮನೆಯಲ್ಲಿ ಗೊತ್ತಿಲ್ಲದಿದ್ದವಳು ಗುಬ್ಬಿ ಒಬ್ಬಳೇ.

ಸೋಮವಾರದಿಂದ ಮೇಜಿನ ಮೇಲೆ ನಾಲ್ಕನೇ ವರ್ಷದ ಪುಸ್ತಕ ಇದೆ. ಓದಿ ಹೇಳುವುದು ನಾನು. ಜಡ್ಜಮ್ಮ ಅವಳ ಪಾಡಿಗೆ ಟಿಪ್ಪಣಿ ಬರೆದುಕೊಳ್ಳುತ್ತಾಳೆ, ಬೇಕಾದರೆ ಎದ್ದು ಹೋಗುತ್ತಾಳೆ. ಎದ್ದು ಹೋಗು ಅಂತ ನಾನೇ ಹೇಳಬೇಕು. ಗುಬ್ಬಿಗೆ ಬಾಂಬಿನ ಪಾಠ ಬಿಟ್ಟು ಉಗಿಬಂಡಿಯ ಪಾಠ ಹೇಳಿದೆ. ಪುಸ್ತಕದ ಚಿತ್ರ ನೋಡಿ ಅವಳೇ ಕೇಳಿದಳು, "ಆ ಕಂದಕದಲ್ಲಿ ಇದ್ದವ್ರಿಗೂ ಅಮ್ಮ ಇದ್ರಾ?" ಇದ್ದರು ಅಂದೆ. ಸುಮ್ಮನೆ ಒಬ್ಬೊಬ್ಬ ಸಿಪಾಯಿಯ ಪಕ್ಕ ಒಬ್ಬೊಬ್ಬ ಅಮ್ಮನನ್ನು ಬರೆದಳು. ನಾನು ಅವಳಿಗಾಗಿ ಹೆದರಿದ್ದು ವ್ಯರ್ಥ. ಗೋಡೆಯ ಕಾಲಪಟ್ಟಿಯಲ್ಲಿ ಬಚ್ಚಲುಮನೆ ದಾಟಿ ನಾವು ನಿಂತಲ್ಲಿಂದ ಹಿತ್ತಲ ಬಾಗಿಲವರೆಗೆ ಖಾಲಿ ಬಿಟ್ಟಿದ್ದೇವೆ.

ನೀನು ತಿದ್ದುವುದನ್ನು ನಿಲ್ಲಿಸಬೇಡ. ಕೊನೆಯ ಭಾಗ ನನ್ನ ಕೈಲಾಗದು, ನಿನಗೆ ಬಿಟ್ಟಿದ್ದೇನೆ. ಮಾರ್ಚ್ ದೂರ ಇಲ್ಲ.

ನಿನ್ನ ತಂಗಿ


ಮೇ ೧೬

ಅಣ್ಣಾ,

ಸೀಟು ಸಿಕ್ಕಿತು. ಇತಿಹಾಸದಲ್ಲಿ ಅವಳದೇ ಎಲ್ಲರಿಗಿಂತ ಹೆಚ್ಚಿನ ಅಂಕ ಅಂತೆ, ಅದರಲ್ಲೂ ಕೊನೆಯ ಭಾಗದಲ್ಲಿ ಒಂದು ಅಂಕವೂ ಹೋಗಿಲ್ಲ. ಕಾಲೇಜಿನವರು, ಯಾವ ಮೇಷ್ಟ್ರು ಹೇಳಿಕೊಟ್ಟದ್ದು ಅಂತ ಕೇಳಿದರಂತೆ. "ನಮ್ಮ ಮಾವ" ಅಂದಳಂತೆ.

ನಿಮ್ಮ ಭಾವ ಕನ್ನಡಕ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಾರೆ, ನಮ್ಮ ಭಾವ ಅಂಚೆಯಲ್ಲೇ ಪಾಠ ಮಾಡಿ ಹುಡುಗಿಯನ್ನು ದಡ ಸೇರಿಸಿದರು ಅಂತ. ಅವರು ಇಷ್ಟು ಮಾತಾಡುವುದನ್ನು ಮದುವೆಯಾದಾಗಿನಿಂದ ನಾನು ಕೇಳಿಲ್ಲ. ಪಾಸ್ಟರ್ ಆರಾಧನೆ ಮುಗಿದ ಮೇಲೆ ನಿನಗಾಗಿ ಸ್ತೋತ್ರ ಸಲ್ಲಿಸಿದರು. ನಮ್ಮ ಸಭೆಯಲ್ಲಿ ಮನೆಯಲ್ಲೇ ಪಾಠ ಹೇಳುವ ತಂದೆತಾಯಿಗಳ ಕೂಟ ಇದೆ, ಮುಂದಿನ ತಿಂಗಳು ನೀನು ಬಂದು ಮಾತಾಡಬೇಕಂತೆ. ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಇತಿಹಾಸದ ಪಠ್ಯ ಆರಿಸುವುದು ಹೇಗೆ, ಇದೇ ವಿಷಯ. ನಗಬೇಡ. ನಮ್ಮ ತಪ್ಪನ್ನೂ ಸೇರಿಸಿ ಹೇಳು, ಅದರಿಂದಲೇ ನಾಲ್ಕು ಜನಕ್ಕೆ ಉಪಕಾರ ಆಗೋದು. ಮೂವತ್ತು ವರ್ಷ ಶಿಲಾಯುಗದಿಂದ ನಿ‌ನ್ನೆ ಸಂಜೆಯವರೆಗೆ ಪಾಠ ಮಾಡಿದವರು ಅಂತ ಆಹ್ವಾನದ ಕಾಗದದಲ್ಲಿ ಹಾಕಿಸಿದ್ದೇನೆ.

ನಿನ್ನ ತಂಗಿ


ಮೇ ೨೪

ತಂಗೀ,

ಸುದ್ದಿ ಓದಿ ನಿನ್ನ ಅತ್ತಿಗೆ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟೆ.

ಆಹ್ವಾನದ ಕಾಗದ ಇನ್ನೂ ಹಂಚಿಲ್ಲದಿದ್ದರೆ ತಡೆದಿಡು. ಹಂಚಿದ್ದರೆ ವಾಪಸ್ ತರಿಸು. "ನಿನ್ನೆ ಸಂಜೆ" ಎಂಬ ಪದಗಳನ್ನು ಹೊಡೆದುಹಾಕಬೇಕು.

ನಮ್ಮ ಕಾಲೇಜಿನ ಪಠ್ಯದಲ್ಲಿ ಐದು ಘಟಕ ಇದ್ದವು. ಐದನೆಯದೇ ಈ ನೂರೈವತ್ತು ವರ್ಷ. ಜೂನ್‌ನಲ್ಲಿ ಶಿಲಾಯುಗದಿಂದ ಶುರುಮಾಡುತ್ತಿದ್ದೆ. ರೋಮ್ ಬಂದರೆ ನನಗೆ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ, ಅಲ್ಲಿನ ಜೋಕುಗಳೆಲ್ಲ ನನಗೆ ಬಾಯಿಪಾಠ. ಆಮೇಲೆ ಕ್ರೀಡಾಕೂಟ, ವಾರ್ಷಿಕೋತ್ಸವ. ನಾಲ್ಕನೇ ಘಟಕದ ನಡುವೆ ಎಲ್ಲೋ ಪರೀಕ್ಷೆ ಎದುರಿಗೆ ಬಂದು ನಿಲ್ಲುತ್ತಿತ್ತು. "ಐದನೆಯದು ಸುಲಭ, ಮನೆಯಲ್ಲಿ ಓದಿಕೊಳ್ಳಿ" ಎನ್ನುತ್ತಿದ್ದೆ. ಮೂವತ್ತು ವರ್ಷವೂ ಎಂದೆ. ಹುಡುಗರು ಓದಿಕೊಂಡರೋ ಇಲ್ಲವೋ ತಿಳಿಯದು. ನಾನಂತೂ ಓದಿಕೊಳ್ಳಲಿಲ್ಲ.

ನಿನ್ನ ಮಗಳು ನಡುದಾರಿಯಲ್ಲಿ ನಿಂತುಬಿಡುತ್ತಾಳೆ ಎಂಬುದು ನನಗೆ ಹೋದ ವರ್ಷ ಹೊಳೆಯದೇ ಹೋದದ್ದು ಇದಕ್ಕೇ ಇರಬೇಕು. ನಡುವೆ ನಿಂತುಹೋಗುವುದೇ ಇತಿಹಾಸದ ಲಕ್ಷಣ ಎಂದು ನಾನು ಪೂರ್ತಿ ನಂಬಿದ್ದೆ.

ಅಂಚೆಯಲ್ಲಿ ನಾನು ಮಾಡಿದ ಪಾಠ ಏನು ಗೊತ್ತೇ? ಅಧ್ಯಾಯದ ಕೊನೆಯಲ್ಲಿ ಅವರೇ ಅಚ್ಚು ಹಾಕಿದ್ದ ಪ್ರಶ್ನೆಗಳನ್ನು ನನ್ನ ಕೈಬರಹದಲ್ಲಿ ನಕಲು ಮಾಡಿ ಕಳಿಸಿದೆ. ಉತ್ತರ ಬರುತ್ತಿತ್ತು. ನನಗೆ ಅರ್ಥವಾದರೆ "ಸರಿ" ಎಂದು ಹಾಕುತ್ತಿದ್ದೆ. ಅರ್ಥವಾಗದಿದ್ದರೆ "ಇನ್ನೂ ವಿವರಿಸು". ಪಾಪ ಹುಡುಗಿ, ತನ್ನ ಉತ್ತರವೇ ಕೆಟ್ಟದು ಎಂದುಕೊಂಡು ಬಿಡಿಸಿ ಬಿಡಿಸಿ ಬರೆದಳು. ನನ್ನಂಥವನ ತಲೆಗೂ ಹತ್ತುವ ಹಾಗೆ ಬರೆದು ಬರೆದು ಅವಳಿಗೆ ಅದು ಕರತಲಾಮಲಕವಾಯಿತು. ಕೊನೆಯ ಭಾಗದಲ್ಲಿ ಒಂದು ಅಂಕವೂ ಹೋಗದಿದ್ದರೆ ಅದರ ಶ್ರೇಯಸ್ಸಿನಲ್ಲಿ ನನ್ನದು ಕೆಂಪು ಶಾಯಿ ಮಾತ್ರ. ಅವಳಿಗೆ ಇದನ್ನು ನಾನೇ ಪ್ರತ್ಯೇಕ ಬರೆಯುತ್ತೇನೆ. ಕಾಲೇಜಿನವರು ಮತ್ತೆ ಮೇಷ್ಟ್ರು ಯಾರು ಎಂದು ಕೇಳಿದರೆ ಹೇಳಲು ಅವಳಿಗೆ ಸತ್ಯ ಬೇಕಲ್ಲ.

ಕೂಟಕ್ಕೆ ಬರುತ್ತೇನೆ. ತಪ್ಪಿನ ಭಾಗ ನಾನು ಹೇಳುತ್ತೇನೆ, ಅದರಲ್ಲಿ ನನ್ನ ವಿದ್ವತ್ತು ಪ್ರಶ್ನಾತೀತ. ಈಚಿನ ನೂರೈವತ್ತು ವರ್ಷದ ಬಗ್ಗೆ ಯಾರಾದರೂ ಕೈಯೆತ್ತಿದರೆ ಜಡ್ಜಮ್ಮ ಎದ್ದು ನಿಲ್ಲಲಿ.

ಮಾರ್ಚ್‌ನಲ್ಲಿ ಅವಳ ಕೊನೆಯ ಉತ್ತರ ಬಂದ ದಿನ, ಓದಿ ಮುಗಿಸಿ, "ಸರಿ" ಎಂದು ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದೆ. ಏನಾಯ್ತು, ಹೀಗೆ ಕೂತಿದೀರಿ ಎಂದು ನಿನ್ನ ಅತ್ತಿಗೆ ಕೇಳಿದಳು. ಪೋರ್ಷನ್ ಮುಗಿಯಿತು ಎಂದೆ. ಇತಿಹಾಸದ ಮೇಷ್ಟ್ರಾಗಿ ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು.

ನಿನ್ನ ಅಣ್ಣ